ಭಾನುವಾರದ ಹಾಡು, ಕಾಫಿ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಂಗಳೂರಿನ ಮಣ್ಣಗುಡ್ಡೆಯ ನಮ್ಮ ಮನೆ ಟೆರೇಸಿನಲ್ಲಿ ಹಾಡಿನ ಕೂಟ. ಹಾಡುವವರು ನಮ್ಮ ಗಿಟಾರ್ ಮಾಮ. ಅಜ್ಜಿ ನೇಜಿ (ಭತ್ತದ ಸಸಿ) ನೆಡುವಾಗ ಹೇಳುತ್ತಿದ್ದ ಪಾಡ್ದನದ, ಅಂದ್ರೆ ತುಳು ಜನಪದ ಕಥನಗೀತೆಯ, ಧಾಟಿಯನ್ನೇ ಗಿಟಾರಿಗೆ ಕೂರಿಸಿದ್ದಾರೆ, ಜೊತೆಗೆ ತೆಂಬರೆ ಎಂಬ ಪುಟ್ಟ ಚರ್ಮವಾದ್ಯದ ಪೆಟ್ಟು. ಕಾಫಿ ಇಳಿಯದೆ ಅವರಿಗೆ ಸ್ವರ ಏಳುವುದಿಲ್ಲ, ಗೊತ್ತಲ್ವಾ!

ಈ ಸಲ ಮಾನ್ಸೂನ್ಡ್ ಮಲಬಾರ್ ಕಾಫಿ ಪುಡಿ ತರುತ್ತಾರೆ. ನಮ್ಮ ಕರಾವಳಿಯ ಗೋದಾಮುಗಳಲ್ಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿಗೆ ಹರಡಿಟ್ಟು, ಉಬ್ಬಿ ಬಿಳಿಚಿಕೊಂಡ ಬೀಜದ್ದು. ಹುಳಿ ಕಡಿಮೆ. ಅದರ ಮೇಲೂ ಒಂದು ಹಾಡು ಕಟ್ಟಿದ್ದಾರಂತೆ.

ಲೋಟ ನೀವೇ ತನ್ನಿ, ಪೇಪರ್ ಕಪ್ ಇಲ್ಲ. ಸಕ್ಕರೆ ಬೇಡದವರು ತಿಳಿಸಿ. ಡಿಕಾಕ್ಷನ್ ಅಳತೆಗೆ ಬೇಕು, ಎಷ್ಟು ಜನ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.