ವಾರ್ಡಿಗೆ ಬರ್ತಿದ್ದ ಟೀಚರಿಗೆ

ಮೊನ್ನೆ ಮಗಳು ಟ್ರೀಟ್ಮೆಂಟಿನ ಕೊನೇ ಹಂತವಾದ ಮೇಂಟೆನೆನ್ಸ್‌ನ ಕೊನೇ ಮಾತ್ರೆ ನುಂಗಿದ್ಲು. ಬ್ಲಡ್ ಕ್ಯಾನ್ಸರ್, ಎ.ಎಲ್.ಎಲ್ ಅಂತ ಗೊತ್ತಾದಾಗ ಟ್ರೀಟ್ಮೆಂಟ್ ಎರಡು ವರ್ಷಕ್ಕೂ ಮೇಲೆ ಹಿಡಿಯುತ್ತೆ ಅಂದಿದ್ರು, ಅಂತೂ ಮುಗೀತು. ಮುಂಬೈ ಪರೇಲ್‌ನ ಆಸ್ಪತ್ರೆಯ ಡಾಕ್ಟರು, ನರ್ಸ್‌ಗಳು, ರಕ್ತ ಕೊಟ್ಟವರು, ರಕ್ತಕಣಗಳ ಕೌಂಟ್ ಬಿದ್ದ ಮಗೂನ ಡೊಂಬಿವಲಿಯಿಂದ ಲೋಕಲ್ ಟ್ರೇನ್ ರಶ್‌ನಲ್ಲಿ ಹೆಂಗೆ ತರ್ತೀರಿ ಅಂತ ಮಾಟುಂಗದಲ್ಲಿ ತಮ್ಮ ರೂಮನ್ನೇ ಬಿಟ್ಟುಕೊಟ್ಟ ಅತ್ತಿಗೆ, ಎಲ್ಲರಿಗೂ ಕೈ ಮುಗೀತೀನಿ. ಆದ್ರೆ ಇದನ್ನ ಬರೀತಿರೋದು ಮುಖ್ಯವಾಗಿ ಟೀಚರ್ ನಿಮಗೋಸ್ಕರ.

ಮೊದಲನೇ ದಿನ ನೀವು ನನ್ನ ಹತ್ರ ಮಾತೇ ಆಡ್ಲಿಲ್ಲ, ಸೀದಾ ಮಗಳ ಮಂಚದ ಹತ್ರ ಹೋಗಿ ಏನು ಕಲೀತೀಯಾ ಹೇಳು, ಇವತ್ತು ಬೇಡ ಅಂದ್ರೂ ನಡಿಯುತ್ತೆ ಅಂದ್ರಿ. ಅವಳು ಬೇಡ ಅಂದ್ಲು, ನೀವು ಹೊರಟೇಬಿಟ್ರಿ! ಸೂಜಿ, ಮಾತ್ರೆ, ಊಟ, ಯಾವುದ್ರಲ್ಲೂ ಅವಳ ಮಾತು ನಡೀತಿರ್ಲಿಲ್ಲ, ಇಲ್ಲೊಂದು ನಡೀತು. ಮರುದಿನ ಅವಳೇ ಕೇಳಿದ್ಲು, ನನ್ನ ರಿಪೋರ್ಟಲ್ಲಿ ಏನು ಬರೀತಾರೋ ಅದನ್ನ ಕಲಿಸಿ ಅಂತ. ದಶಮಾಂಶ, ಲಕ್ಷ, ಗ್ರಾಫ್ ಎಲ್ಲಾ ಆ ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟಿನ, ರಿಪೋರ್ಟ್ ಮೇಲೇ ಆಯ್ತು, ಹಿಮೋಗ್ಲೋಬಿನ್ 7.8 ಇದ್ದಿದ್ದು 9.2 ಆದ್ರೆ ಎಷ್ಟು ಏರ್ತು, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಮುಟ್ಟೋಕೆ ಇನ್ನೆಷ್ಟು ಬೇಕು, ರೌಂಡ್ಸಿಗೆ ಬಂದ ಡಾಕ್ಟರಿಗೇ ಗ್ರಾಫ್ ತೋರಿಸಿ ಪ್ರಶ್ನೆ ಹಾಕ್ತಿದ್ಲು. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿಯಿಂದ ಬೆರಳು ಜೋಮು ಹಿಡಿದು ಪೆನ್ಸಿಲ್ ಜಾರುವಾಗ, ನಾನು ಹೇಳ್ತೀನಿ ನೀವು ಬರೀರಿ ಅಂದ್ಲು. ಅವಳು ಹೇಳಿದ್ದು ತಪ್ಪಿದ್ರೂ ನೀವು ಹಾಗೇ ಬರೆದು ಕೊಡ್ತಿದ್ರಿ, ಅವಳೇ ಓದಿ ತಿದ್ದುತ್ತಿದ್ಲು.

ಶಾಲೆಯವರು ಒಂದು ವರ್ಷ ಹೋದ್ರೆ ಹೋಗ್ಲಿ ಬಿಡಿ ಅಂದ್ರು, ನಾವೂ ತಲೆ ಆಡಿಸ್ತಿದ್ವಿ. ಅವಳನ್ನ ಕೇಳಿದ್ರಾ ಅಂದವರು ನೀವೊಬ್ರೇ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, ಅದರ 12ನೇ ವಿಧಿ, ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ದೊಡ್ಡವರು ಅದಕ್ಕೆ ಬೆಲೆ ಕೊಡ್ಬೇಕು, ಭಾರತ 1992ರಲ್ಲೇ ಒಪ್ಕೊಂಡಿದೆ ಅಂತ ನಮ್ಮನ್ನ ಕೂರಿಸಿ ಹೇಳಿದ್ರಿ. ಆಮೇಲೆ ಅವಳು ಶಾಲೆಗೆ ಪತ್ರ ಬರೆಸಿದ್ಲು ನೋಡಿ, ನನ್ನ ಕ್ಲಾಸಿನವರ ಜೊತೇಲೇ ಏಳನೇ ಕ್ಲಾಸಿಗೆ ಬರ್ತೀನಿ, ಸ್ಕಾರ್ಫ್ ತೆಗಿ ಅನ್ನಬಾರದು, ಸುಸ್ತಾದ್ರೆ ಪಿ.ಟಿ. ಬಿಡ್ತೀನಿ, ಕ್ಯಾನ್ಸರ್ ವಿಷಯ ಫ್ರೆಂಡ್ಸಿಗೆ ನಾನೇ ಹೇಳ್ತೀನಿ, ಯಾರೂ ಮುಂಚೆ ಹೇಳ್ಬೇಡಿ. ಶಾಲೆಯವರು ಎಲ್ಲಕ್ಕೂ ಒಪ್ಪಿದ್ರು, ಪಿ.ಟಿ. ಸರ್ ಮಾತ್ರ ಸ್ವಲ್ಪ ಗೊಣಗಿದ್ರು ಅಷ್ಟೇ.

ಟೀಚರ್, ನಿಮಗೆ ಕನ್ನಡ ಬರಲ್ಲ, ಇದನ್ನ ಮಗಳೇ ಮರಾಠಿಯಲ್ಲಿ ಓದಿ ಹೇಳ್ತಾಳಂತೆ. ಬೇರೆ ಮಕ್ಕಳಿಗೆ ತೋರಿಸೋಕೆ ಆ ಗ್ರಾಫ್ ಬುಕ್ ಕೇಳಿದ್ರಲ್ಲ, ಅದನ್ನ ಕೊಡಲ್ವಂತೆ, ಬೇಕಿದ್ರೆ ಝೆರಾಕ್ಸ್ ಮಾಡಿಸಿ ಕೊಡ್ತಾಳಂತೆ.