ಪುಟ್ಟಿ, ನಿನ್ನ ಬಾಯಿ ವಿಷಯಕ್ಕೆ

ಪುಟ್ಟಿ,

ಫೀಸು, ಚಳಿ, ರೂಮು ಎಲ್ಲಾ ನಿಮ್ಮಮ್ಮ ಹೇಳಿದಾಳೆ, ಅದು ಬಿಡು. ರೂಮ್‌ಮೇಟ್ ಹುಡುಗಿಗೆ ಏನೋ ಅಂದು ನೋಯಿಸಿದ್ದು ಬರ್ದು ಕೊನೇಲಿ ಒಂದ್ ಸಾಲು ಹಾಕಿದೀಯಲ್ಲ, "ಮಾವ, ನನ್ ಬಾಯೇ ನನ್ನ ಮುಳುಗ್ಸುತ್ತೆ ಅನ್ಸುತ್ತೆ" ಅಂತ, ಅದನ್ನ ಓದಿ ರಾತ್ರಿ ನಿದ್ದೆ ಬರ್ಲಿಲ್ಲ.

ನಿಮ್ ಡಬ್ಲಿನ್ನಲ್ಲೇ 1854ರಲ್ಲಿ ಹುಟ್ಟಿ ನಿಮ್ ಟ್ರಿನಿಟಿ ಕಾಲೇಜಲ್ಲೇ ಓದಿದೋನು ಆಸ್ಕರ್ ವೈಲ್ಡ್, ಚುರುಕು ಮಾತಿಗೆ ಹೆಸರಾದ ನಾಟಕಕಾರ. ಕಾಲೇಜಲ್ಲಿದ್ದಾಗ ನಂಗೆ ಅವನ ಥರ ಮಾತಾಡೋ ಹುಚ್ಚು. ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಲ್ಲಿ 1895ರ ಫೆಬ್ರವರಿ 14ಕ್ಕೆ ಅವನ ಅರ್ನೆಸ್ಟ್ ನಾಟಕ ಶುರುವಾಯ್ತು, ಜನ ಬಿದ್ದು ಬಿದ್ದು ನಕ್ರು, ನಾಲ್ಕೇ ದಿನಕ್ಕೆ ಗೆಳೆಯನ ಅಪ್ಪ ಕ್ವೀನ್ಸ್‌ಬೆರಿ ಬಂದು ಕ್ಲಬ್ಬಲ್ಲಿ ಇವ್ನಿಗೆ ಗಂಡಸರ ಜೊತೆ ಸಂಬಂಧ ಅನ್ನೋ ಅರ್ಥದ ಬೈಗುಳದ ಚೀಟಿ ಬಿಟ್ಟೋದ, ಇವ್ನು ಸುಮ್ನಿರ್ದೆ ಮಾನನಷ್ಟ ಕೇಸ್ ಹಾಕ್ದ. ಎದುರು ವಕೀಲ ಕಾರ್ಸನ್, ಅವನೂ ಟ್ರಿನಿಟಿಯವನೇ, ಅದೇ ಕಾಲದವನು. ಒಬ್ಬ ಕೆಲಸದ ಹುಡುಗನ ಹೆಸರು ಹೇಳಿ, ಅವನಿಗೆ ಮುತ್ತು ಕೊಟ್ಯಾ ಅಂತ ಕೇಳ್ದ. ಇಲ್ಲ ಅಂದಿದ್ರೆ ಸಾಕಿತ್ತು. ಅಯ್ಯೋ ಇಲ್ಲಪ್ಪ, ಅವ್ನು ನೋಡೋಕೇ ಚೆನ್ನಾಗಿರ್ಲಿಲ್ಲ ಅಂತ ಸೇರಿಸ್ಬಿಟ್ಟ. ಯಾಕೆ ಹಾಗಂದೆ, ಯಾಕೆ ಹಾಗಂದೆ ಅಂತ ಕಾರ್ಸನ್ ಪಟ್ಟು ಹಿಡ್ದ, ಅಂಥಾ ಮಾತಿನ ಮಲ್ಲ ತಡವರಿಸಿಬಿಟ್ಟ. ಕೇಸು ಬಿದ್ದೋಯ್ತು, ತಿರುಗಿ ಅವನ ಮೇಲೇ ಕೇಸಾಯ್ತು, ಮೇ 25ಕ್ಕೆ ಎರಡು ವರ್ಷ ಕಠಿಣ ಸಜೆ.

ಭಯ ಜಾಸ್ತಿ ಮಾಡ್ಬಿಟ್ನಾ? ಅವನನ್ನ ಮುಳುಗಿಸಿದ್ದು ಗಂಡಸರ ನಡುವಿನ ಸಂಬಂಧಕ್ಕೆ ಜೈಲು ಅಂತ 1885ರಲ್ಲಿ ತಂದ ಕಾನೂನು ಕಣೇ, ಬಾಯಿ ಬಾಗಿಲು ತೆಗೀತು ಅಷ್ಟೆ.

ನಂಗಾದ್ರೆ ಆ ನೆಪಾನೂ ಇಲ್ಲ. ಸ್ನೇಹಿತನ ಗೃಹಪ್ರವೇಶ, ಅವನೇ ಪಂಚೆ ಎತ್ತಿಕಟ್ಕೊಂಡು ಒಬ್ಬಟ್ಟಿಗೆ ತುಪ್ಪ ಬಡಿಸ್ತಾ ಬಂದ. "ಈ ಮಿಳ್ಳೆನಾದ್ರೂ ನಿಂದೋ, ಇದೂ ಮಾವ ಕೊಡ್ಸಿದ್ದೋ" ಅಂದೆ. ಪಂಕ್ತಿ ಪೂರ್ತಿ ನಕ್ತು. ಮಿಳ್ಳೆ ನನ್ನೆಲೆ ಮೇಲೆ ಒಂದ್ ಗಳಿಗೆ ನಿಂತಿತ್ತು, ಬಗ್ಗಲಿಲ್ಲ, ಪಕ್ಕದ ಎಲೆಗೆ ಹೋಯ್ತು. ಇಪ್ಪತ್ತಾರು ವರ್ಷ ಆಯ್ತು. ಮಾರನೇ ದಿನ ಹೋಗಿ ತಪ್ಪಾಯ್ತು ಅನ್ಬಹುದಿತ್ತು, ಅಲ್ಲೂ ಏನಾದ್ರೂ ಜೋಕ್ ಹೊಡೆದುಬಿಡ್ತೀನೇನೋ ಅಂತ ಹೆದರಿ ಹೋಗ್ಲಿಲ್ಲ. ಆಮೇಲೆ ಎಷ್ಟೋ ದಿನ ಬಾಯೇ ಬಿಡ್ಲಿಲ್ಲ, ಮನೇಲಿ ರೇಡಿಯೋ ಕೆಟ್ಟೋದಂಗಿತ್ತು ಅಂತ ನಿಮ್ಮತ್ತೆ ಈಗ್ಲೂ ಹೇಳ್ತಾಳೆ.

ವೈಲ್ಡ್ ಜೈಲಿಂದ ಬರೆದ ದೊಡ್ಡ ಪತ್ರದಲ್ಲಿ ಒಂದ್ ಕಡೆ ಬರುತ್ತೆ, ಕ್ಲ್ಯಾಪ್‌ಹ್ಯಾಮ್ ಜಂಕ್ಷನ್ ಪ್ಲಾಟ್‌ಫಾರ್ಮಲ್ಲಿ ಕೈಕೋಳ ಹಾಕಿ ಅರ್ಧ ಗಂಟೆ ಮಳೇಲಿ ನಿಲ್ಲಿಸಿದ್ರು, ರೈಲು ಬಂದಂಗೆಲ್ಲಾ ಜನ ಸೇರಿ ನಗ್ತಿದ್ರು ಅಂತ. ಅದನ್ನ ಓದ್ವಾಗೆಲ್ಲಾ ನಂಗೆ ಮಿಳ್ಳೆ ಹಿಡಿದ ಆ ಕೈ ನೆನಪಾಗುತ್ತೆ. ನನ್ ಪಂಕ್ತಿಯ ನಗು ಅವನಿಗೆ ಹಾಗೇ ಕೇಳ್ಸಿರ್ಬೇಕು.

ನಿಂಗೆ ಬುದ್ಧಿ ಹೇಳೋ ಯೋಗ್ಯತೆ ನಂಗೆಲ್ಲಿದೆ. ಆದ್ರೂ ಆ ರೂಮ್‌ಮೇಟ್ ಹುಡುಗಿಗೆ ಮೆಸೇಜ್ ಬೇಡ, ಬಾಗಿಲು ತಟ್ಟು. ಮೊದಲ್ನೇ ಮಾತಲ್ಲಿ ತಮಾಷೆ ಬೇಡ, ಎರಡನೇದ್ರಲ್ಲಿ ಬಂದ್ರೆ ಬರ್ಲಿ, ನಮ್ಮನೆ ಬಾಯಿ, ಏನ್ಮಾಡೋದು. ಬಾಯಿ ಮಾತ್ರ ಮುಚ್ಕೋಬೇಡ, ನಾನು ಮಾಡಿ ನೋಡಿದೀನಿ.

ನಿಮ್ಮೂರಿನ ಮೆರಿಯನ್ ಸ್ಕ್ವೇರಲ್ಲಿ ವೈಲ್ಡ್ ಪ್ರತಿಮೆ ಇದ್ಯಲ್ಲ, ಹಸಿರು ಕೋಟು ಹಾಕ್ಕೊಂಡು ಬಂಡೆ ಮೇಲೆ ಒರಗಿರೋದು, ಮುಖದ ಒಂದ್ ಕಡೆ ಮಾತ್ರ ನಗುವಂತೆ. ಆ ಕಡೆ ಹೋದ್ರೆ ಫೋಟೋ ತೆಗ್ದು ಕಳ್ಸು, ಎರಡೂ ಕಡೆದು.

ಬಾಗಿಲು ತಟ್ಟಿದ್ಮೇಲೆ ಬರಿ. ತಟ್ಟದಿದ್ರೂ ಬರಿ.

ನಿನ್ನ ಮಾವ