ಕೊಪ್ಪಳ ಬಸ್ಸಿನಲ್ಲಿ ಸಿಕ್ಕ ಅಕ್ಕೋರಿಗೆ

ಗಂಗಾವತಿಯಿಂದ ಕೊಪ್ಪಳಕ್ಕೆ ಬರುವಾಗ ಪಕ್ಕದಲ್ಲಿ ಕೂತಿದ್ದ ಅಕ್ಕೋರೇ, ನಿಮ್ಮ ಹೆಸರು ಗೊತ್ತಿಲ್ಲ, ಆದರೂ ತುಂಬಾ ಥ್ಯಾಂಕ್ಸ್. ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ, ಆರನೇ ಕ್ಲಾಸಿನ ಗಲಾಟೆ ಜಾಸ್ತಿ ಅಂದಾಗ ನೀವು ಬೆತ್ತದ ಮಾತೇ ಎತ್ತಲಿಲ್ಲ. ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಅದು ಎಲ್ಲರಿಗೂ ಗೊತ್ತು. ಹೊಡೆಯದೆ ಏನು ಮಾಡಬೇಕು ಅನ್ನೋದನ್ನ ಹೇಳಿದವರು ನೀವೊಬ್ಬರೇ.

“ಗದ್ದಲ ಎದ್ದರೆ ದನಿ ಏರಿಸಬೇಡವ್ವಾ, ಸುಮ್ನೆ ನಿಲ್ಲು. ಮಾತಾಡೋ ಹುಡುಗನ ಪಕ್ಕ ಹೋಗಿ ಅಲ್ಲಿಂದಲೇ ಪಾಠ ಮುಂದುವರಿಸು. ಬುದ್ಧಿ ಹೇಳೋದಿದ್ದರೆ ಎಲ್ಲರ ಎದುರು ಬೇಡ. ತೂಕಡಿಸುತ್ತಿದ್ದರೆ ಮೊದಲು ಉಂಡಿದ್ದೀಯಾ ಅಂತ ಕೇಳು,” ಅಂದಿರಿ. ಮನೆಯವರು ಬೆಳಗ್ಗೆಯೇ ಗದ್ದೆಗೆ ಹೋಗಿ, ಮಕ್ಕಳು ಉಣ್ಣದೇ ಶಾಲೆಗೆ ಬರುವ ನಾಟಿ ಕಾಲದಲ್ಲಿ ನಮ್ಮ ಕಡೆ ಆ ಮಾತು ಎಷ್ಟು ನಿಜ ಅಲ್ವಾ!

ನೀವು ಹೇಳಿದ ಹಾಗೆ, ತುಂಬಾ ಗಲಾಟೆ ಮಾಡುವವನಿಗೇ ಹಾಜರಿ ಪುಸ್ತಕ ತರುವ ಕೆಲಸ ಕೊಟ್ಟಿದ್ದೇನೆ. ಬೆಲ್ ಹೊಡೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಾನೆ.